ಸೂಚನಾ ಕಡತ: ಒಂದೇ ಕಂತೆಯೋ, ಬಿಡಿ ಭಾಗಗಳೋ?

ಬಿಲ್ಲಿಂಗ್, ದಾಸ್ತಾನು, ಜಾಬ್ ವರ್ಕ್ ಚಲನ್ ಮೊದಲಾದ ಕೆಲಸಗಳಿಗೆ ಬೇಕಾದ ತಂತ್ರಾಂಶವನ್ನು ಕೃತಕ ಬುದ್ಧಿಮತ್ತೆಯ ಸಹಾಯಕಗಳ ನೆರವಿನಿಂದ ಬರೆಸಿಕೊಳ್ಳುವುದು ಇಂದು ಸಣ್ಣ ಉದ್ಯಮಿಗೂ ನಿಲುಕುವ ಸಂಗತಿಯಾಗಿದೆ. ಕ್ಲಾಡ್ ಕೋಡ್, ಕರ್ಸರ್, ಗಿಟ್‌ಹಬ್ ಕೋಪೈಲಟ್ ಎಂಬ ಸಹಾಯಕಗಳು ಕೆಲಸಕ್ಕೆ ತೊಡಗುವ ಮುನ್ನ ಒಂದು ಸೂಚನಾ ಕಡತವನ್ನು ಓದಿಕೊಳ್ಳುತ್ತವೆ. ಸಂಸ್ಥೆಯ ರೀತಿನೀತಿ, ತೆರಿಗೆಯ ನಿಯಮ, ಮಾಡಬಾರದ ಕೆಲಸ ಎಲ್ಲವನ್ನೂ ಸರಳ ಭಾಷೆಯಲ್ಲಿ ಬರೆದಿಟ್ಟ ಕಡತವದು. ಹೊಸದಾಗಿ ಸೇರಿದ ಕೆಲಸಗಾರನಿಗೆ ಮೇಸ್ತ್ರಿ ಮೊದಲ ದಿನ ಹೇಳುವ ಮಾತುಗಳಿಗೆ ಅದನ್ನು ಹೋಲಿಸಬಹುದು. ವ್ಯತ್ಯಾಸವೆಂದರೆ, ಈ ಸಹಾಯಕಕ್ಕೆ ಅದನ್ನು ಪ್ರತಿ ಬಾರಿಯೂ ಹೇಳಬೇಕು.

ತೊಡಕು ಹುಟ್ಟುವುದು ಎರಡನೆಯ ತಂತ್ರಾಂಶದ ಹೊತ್ತಿಗೆ. ಬಿಲ್ಲಿಂಗ್‌ಗಾಗಿ ಬರೆದ ಕಡತವನ್ನೇ ನಕಲು ಮಾಡಿ ದಾಸ್ತಾನಿಗೆ, ಅದನ್ನೇ ಮತ್ತೆ ನಕಲು ಮಾಡಿ ಚಲನ್‌ಗೆ ಬಳಸುವುದು ಸುಲಭದ ದಾರಿ. ಆದರೆ 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದ ಸಂದರ್ಭವನ್ನು ನೆನೆದರೆ ಅದರ ಅಪಾಯ ತಿಳಿಯುತ್ತದೆ. ಅಂದು ಶೇಕಡ 28ರಲ್ಲಿದ್ದ ವಾಹನ ಬಿಡಿಭಾಗಗಳು 18ಕ್ಕೂ, 12ರಲ್ಲಿದ್ದ ಕೊರುಗೇಟೆಡ್ ಪೆಟ್ಟಿಗೆಗಳು 5ಕ್ಕೂ ಇಳಿದವು. ಬೇರೆಡೆ ಹೆಸರಿಸದ ಜಾಬ್ ವರ್ಕ್ ಸೇವೆಗಳು 12ರಿಂದ 18ಕ್ಕೆ ಏರಿದವು. ಮೂರು ನಕಲುಗಳ ಪೈಕಿ ಒಂದರಲ್ಲಿ ಹಳೆಯ ದರ ಉಳಿದುಕೊಂಡಿದ್ದರೂ ಸಾಕು, ಮುಂದೆ ಆ ತಂತ್ರಾಂಶವನ್ನು ತಿದ್ದಿಸುವಾಗ ಅದು ಮತ್ತೆ ತಲೆಯೆತ್ತಬಹುದು. ತಪ್ಪು ದರದ ಬಿಲ್ಲಿನಿಂದ ಗಿರಾಕಿಯ ಇನ್‌ಪುಟ್ ತೆರಿಗೆ ಜಮೆಯ ಲೆಕ್ಕ ಕೆಡುತ್ತದೆ. ಆತ ಬಿಲ್ಲನ್ನು ಹಿಂದಿರುಗಿಸಿದರೆ ಬರಬೇಕಾದ ಹಣ ತಡವಾಗುತ್ತದೆ.

ಇದಕ್ಕೆ ಪರಿಹಾರ ಯಂತ್ರಶಾಲೆಯವರಿಗೆ ಹೊಸತಲ್ಲ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಾಗಲಿ, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಲ್ಲಾಗಲಿ, ಕೆಂಗೇರಿಯಾಚೆಯ ಕುಂಬಳಗೋಡಿನಲ್ಲಾಗಲಿ, ಡ್ರಾಯಿಂಗ್ ಬಿಡಿಸುವವರು ಪ್ರತಿಯೊಂದು ಅಳತೆಗೂ ಟಾಲರೆನ್ಸ್ ಬರೆಯುತ್ತ ಕೂರಬೇಕಾಗಿಲ್ಲ. ಬೇರೆ ರೀತಿ ಸೂಚಿಸದಿದ್ದಲ್ಲಿ ಐ.ಎಸ್. 2102ರಂತೆ ಎಂಬ ಒಂದು ಸಾಲು ಸಾಕು. ಸಾಮಾನ್ಯ ನಿಯಮ ಮಾನಕದಲ್ಲಿರುತ್ತದೆ. ಆ ಬಿಡಿಭಾಗಕ್ಕಷ್ಟೇ ಸಂಬಂಧಿಸಿದ್ದು ಡ್ರಾಯಿಂಗ್‌ನಲ್ಲಿರುತ್ತದೆ. ಸೂಚನಾ ಕಡತಗಳಿಗೂ ಇದೇ ಶಿಸ್ತು ಬರಬೇಕು.

ಕ್ಲಾಡ್ ಕೋಡ್‌ನಲ್ಲಿ ಇದಕ್ಕೆ ನೇರವಾದ ಅನುಕೂಲವಿದೆ. ಮುಖ್ಯ ಕಡತದಲ್ಲಿ, ಇ-ಮೇಲ್ ವಿಳಾಸದಲ್ಲಿ ಬರುವ ‘ಆ್ಯಟ್’ ಚಿಹ್ನೆಯನ್ನು ಹಾಕಿ ಇನ್ನೊಂದು ಕಡತದ ಹೆಸರನ್ನು ಬರೆದರೆ ಅದೂ ಜೊತೆಗೂಡಿ ಓದಲ್ಪಡುತ್ತದೆ. ಮೂರು ತಂತ್ರಾಂಶಗಳೂ ಒಂದೇ ತೆರಿಗೆ ಕಡತವನ್ನು ಹೀಗೆ ಹೆಸರಿಸಿದರೆ ತಿದ್ದುಪಡಿ ಒಂದೇ ಕಡೆ ಮುಗಿಯುತ್ತದೆ. ಆದರೆ ಇಲ್ಲೊಂದು ಭ್ರಮೆಗೆ ಎಡೆಯಿರಬಾರದು. ಹೀಗೆ ಆಮದಾದ ಕಡತಗಳೂ ಆರಂಭದಲ್ಲೇ ಪೂರ್ಣವಾಗಿ ಓದಲ್ಪಡುವುದರಿಂದ ಹಗುರವಾಗುವುದು ತಿದ್ದುವವರ ಹೊರೆಯೇ ಹೊರತು ಸಹಾಯಕದ ಓದಿನ ಹೊರೆಯಲ್ಲ. ಅದನ್ನೂ ಇಳಿಸಬೇಕಾದರೆ, ತಂತ್ರಾಂಶದ ಇಂಥ ಭಾಗವನ್ನು ಮುಟ್ಟುವಾಗ ಮಾತ್ರ ಇಂಥ ನಿಯಮವನ್ನು ಓದಬೇಕೆಂದು ಗೊತ್ತುಪಡಿಸಬೇಕು. ಆ ಸೌಲಭ್ಯ ಮೇಲೆ ಹೇಳಿದ ಮೂರು ಸಹಾಯಕಗಳಲ್ಲೂ ಇದೆ. ಸೂಚನೆ ಉದ್ದವಾದಷ್ಟೂ ಅದರ ಪಾಲನೆ ಸಡಿಲವಾಗುವುದರಿಂದ ಇದು ಕೇವಲ ಮಿತವ್ಯಯದ ಮಾತಲ್ಲ.

ಭಾಗ ಮಾಡುವುದು ಹೇಗೆ? ಯಾವ ನಿಯಮ ಯಾರ ನಿರ್ಧಾರದಿಂದ ಬದಲಾಗುತ್ತದೆ ಎಂಬುದೇ ಸರಿಯಾದ ಅಳತೆಗೋಲು. ತೆರಿಗೆಯ ನಿಯಮಗಳು, ಜಾಬ್ ವರ್ಕ್‌ಗೆ ಕಳುಹಿಸಿದ ಕಚ್ಚಾ ಸಾಮಗ್ರಿ 1 ವರ್ಷದೊಳಗೆ ಹಿಂದಿರುಗಬೇಕೆಂಬಂಥ ಷರತ್ತುಗಳು ಸರ್ಕಾರದ ಅಧಿಸೂಚನೆಯಿಂದ ಬದಲಾಗುತ್ತವೆ. ಅವು ಲೆಕ್ಕಪರಿಶೋಧಕರು ಓದಿ ಒಪ್ಪುವ ಪ್ರತ್ಯೇಕ ಕಡತವಾಗಲಿ. ಬಿಲ್ಲಿನ ಸರಣಿ ಸಂಖ್ಯೆ, ಗೋದಾಮುಗಳ ಹೆಸರು ಮಾಲೀಕರ ಮಾತಿನಿಂದ ಬದಲಾಗುವಂಥವು, ಅವು ಎರಡನೆಯದು. ಬ್ಯಾಕಪ್ ಇಲ್ಲದೆ ಹಳೆಯ ಲೆಕ್ಕವನ್ನು ಮುಟ್ಟಬಾರದೆಂಬಂಥ ನಿಯಮಗಳು ಎಂದೂ ಬದಲಾಗುವುದಿಲ್ಲ, ಅವು ಮೂರನೆಯದು. ತೆರಿಗೆಯ ದರ ಮಾತ್ರ ಇವುಗಳಲ್ಲಿ ಎಲ್ಲಿಯೂ ಇರಬಾರದು. ದಿನಾಂಕಸಹಿತವಾದ ದರಪಟ್ಟಿ ತಂತ್ರಾಂಶದೊಳಗೇ ಇದ್ದು, ದರವನ್ನು ಆ ಪಟ್ಟಿಯಿಂದಲೇ ಪಡೆಯಬೇಕೆಂಬ ಸೂಚನೆಯಷ್ಟೇ ಕಡತದಲ್ಲಿರಬೇಕು. ಪಾಸ್‌ವರ್ಡ್, ಗಿರಾಕಿಗಳೊಂದಿಗಿನ ಒಪ್ಪಂದದ ಬೆಲೆ ಇವನ್ನೂ ಬರೆಯಬಾರದು. ಸಹಾಯಕ ಓದಿದ್ದು ಸಾಮಾನ್ಯವಾಗಿ ಅದನ್ನು ನಡೆಸುವ ಕಂಪನಿಯ ಸರ್ವರ್‌ಗೆ ಹೋಗುತ್ತದೆ.

ಒಂದೇ ತಂತ್ರಾಂಶವುಳ್ಳ ಪುಟ್ಟ ಘಟಕಕ್ಕೆ ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಒಂದು ಪುಟದ ಒಂದೇ ಕಡತ ಸಾಕು. ಭಾಗಗಳು ಹೆಚ್ಚಾದರೆ ಒಂದಕ್ಕೊಂದು ವಿರುದ್ಧವಾದ ನಿಯಮಗಳು ನುಸುಳುವುದೂ ಉಂಟು. ಆಗ ಸಹಾಯಕ ಯಾವುದನ್ನು ಪಾಲಿಸೀತೆಂದು ಹೇಳಲಾಗದು. ಅಲ್ಲದೆ ಸೂಚನೆಯೆಂಬುದು ಬೀಗವಲ್ಲ. ತಂತ್ರಾಂಶವನ್ನು ಬದಲಿಸಿದಾಗಲೆಲ್ಲ ಪೀಣ್ಯದ ಗಿರಾಕಿಗೊಂದು, ಹೊಸೂರಿನ ಗಿರಾಕಿಗೊಂದು ಮಾದರಿ ಬಿಲ್ ತೆಗೆದು ನೋಡಬೇಕು. ಮೊದಲನೆಯದರಲ್ಲಿ ಸಿ.ಜಿ.ಎಸ್.ಟಿ. ಮತ್ತು ಎಸ್.ಜಿ.ಎಸ್.ಟಿ., ಎರಡನೆಯದರಲ್ಲಿ ಐ.ಜಿ.ಎಸ್.ಟಿ. ಮಾತ್ರ ಬಂದಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಡೆತನದ್ದು. ತಂತ್ರಾಂಶವನ್ನು ಹೊರಗಿನವರಿಂದ ಬರೆಸಿದ್ದಾದರೆ ಸೂಚನಾ ಕಡತ ಅವರ ಕಂಪ್ಯೂಟರಿನಲ್ಲೇ ಉಳಿದುಬಿಡಬಹುದು. ಅವರು ಕೈಬಿಟ್ಟ ದಿನ ಘಟಕದ ವ್ಯವಹಾರ ಜ್ಞಾನವೂ ಅವರೊಂದಿಗೆ ಹೋಗುತ್ತದೆ. ಡೈ, ಜಿಗ್‌ಗಳಿಗೆ ಹಣ ತೆತ್ತ ಗಿರಾಕಿ ಅವು ತನ್ನವೆಂದು ಕೇಳುವಂತೆ ಉದ್ಯಮಿಯೂ ಈ ಕಡತಗಳನ್ನು ಕೇಳಿ ಪಡೆಯಬೇಕು, ಕರಾರಿನಲ್ಲಿ ಬರೆಸಬೇಕು. ಪ್ರತಿಯೊಂದರ ತಲೆಯಲ್ಲೂ ಪರಿಷ್ಕರಣೆಯ ಸಂಖ್ಯೆ, ದಿನಾಂಕ, ಹೊಣೆ ಹೊತ್ತವರ ಹೆಸರು ಇರಬೇಕು.

ತೆರಿಗೆಯ ಕಾನೂನಂತೂ ಎಲ್ಲರಿಗೂ ಒಂದೇ. ನೂರು ಘಟಕಗಳು ಅದನ್ನು ನೂರು ಬಗೆಯಲ್ಲಿ ಬರೆದುಕೊಳ್ಳುವ ಬದಲು, 1949ರಲ್ಲಿ ಸ್ಥಾಪನೆಗೊಂಡು ಇಂದು ವಿಜಯನಗರದಲ್ಲಿ ಕಚೇರಿ ಹೊಂದಿರುವ ಕಾಸಿಯಾದಂಥ ಸಂಘವೋ, ವಾಣಿಜ್ಯ ಮಂಡಳಿಯೋ ಲೆಕ್ಕಪರಿಶೋಧಕರಿಂದ ಪರಿಶೀಲಿಸಿದ ಒಂದು ಸಾಮಾನ್ಯ ತೆರಿಗೆ ಕಡತವನ್ನು ಸಿದ್ಧಪಡಿಸಿ, ಪ್ರತಿ ಅಧಿಸೂಚನೆಯ ನಂತರ ಪರಿಷ್ಕರಿಸುವುದು ಯೋಗ್ಯ. ಅದರಲ್ಲಿ ತಪ್ಪು ನುಸುಳಿದರೆ ಎಲ್ಲರಿಗೂ ತಪ್ಪಾದೀತೆಂಬ ಭಯ ಸಹಜ. ಆದ್ದರಿಂದಲೇ ಹೊಸ ಪರಿಷ್ಕರಣೆಯನ್ನು ಮಾದರಿ ಬಿಲ್ಲಿನಿಂದ ಪರೀಕ್ಷಿಸಿದ ಮೇಲಷ್ಟೇ ಘಟಕಗಳು ಅಳವಡಿಸಿಕೊಳ್ಳಬೇಕು. ಹಲವರು ಓದುವ ಕಡತದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಒಬ್ಬರ ಕಂಪ್ಯೂಟರಿನಲ್ಲಿ ಅಡಗಿದ ತಪ್ಪು ನೋಟಿಸು ಬಂದ ಮೇಲೆಯೇ ತಿಳಿಯುತ್ತದೆ. ಏಪ್ರಿಲ್ 1ರಂದು ಹೊಸ ಹಣಕಾಸು ವರ್ಷದ ಬಿಲ್ ಸರಣಿ ಆರಂಭವಾಗುವ ಮೊದಲೇ ಸಂಘ ಸಂಸ್ಥೆಗಳು ಈ ದಿಸೆಯಲ್ಲಿ ಕಾರ್ಯೋನ್ಮುಖವಾಗುವುದು ಅಪೇಕ್ಷಣೀಯ.