ಹಸಿರು ಹಾಸು ಯಾರಿಗೆ?

ಸಾಯಂಕಾಲ ಗಾಂಧಿ ಗಂಜಿನಲ್ಲಿ ಕೊನೆಯ ಲಾರಿ ತುಂಬಿ ಹೊರಟ ಮೇಲೆ, ಅಡತಿ ಅಂಗಡಿಗಳ ಮುಂದಿನ ಬಯಲಿನಲ್ಲಿ ಹಮಾಲರ ಮಕ್ಕಳು ಮೂರು ಕಟ್ಟಿಗೆ ನೆಟ್ಟು ಕ್ರಿಕೆಟ್ ಆಡುವುದನ್ನು ನಮ್ಮ ವಾಚಕರು ಕಂಡಿದ್ದಾರೆ. ನೆಲದ ತುಂಬ ಉದುರಿದ ಕಾಳು. ಅರ್ಧ ಮಕ್ಕಳ ಕಾಲಿಗೆ ಚಪ್ಪಲಿಯಿಲ್ಲ. ಕತ್ತಲಾದರೆ ಆಟ ಮುಗಿಯಿತು. ಆ ಹೊತ್ತಿಗೇ ರಾಜ್ಯದ ಅನೇಕ ಊರುಗಳಲ್ಲಿ ಇನ್ನೊಂದು ಬಗೆಯ ಆಟ ಆರಂಭವಾಗುತ್ತದೆ. ಸುತ್ತಲೂ ಬಲೆ, ಮೇಲೆ ಝಗಝಗಿಸುವ ದೀಪ, ಕೆಳಗೆ ಪ್ಲಾಸ್ಟಿಕ್ ಹುಲ್ಲು, ಬಾಗಿಲಲ್ಲಿ ಗಂಟೆಗೆ ಇಷ್ಟೆಂದು ಬಾಡಿಗೆಯ ಫಲಕ. ಜನ ಅದನ್ನು ‘ಟರ್ಫ್’ ಎನ್ನುತ್ತಾರೆ. ಆಟದ ಬಯಲೂ ಬಾಡಿಗೆಯ ಸರಕಾಯಿತು.

ಈ ಹಸಿರು ಹಾಸು ಈಗ ಶಾಲೆಗೆ, ಉದ್ಯಾನಕ್ಕೆ, ಅಂಗಡಿಯ ಮುಂಭಾಗಕ್ಕೆ, ಮನೆಯ ಮಾಳಿಗೆಗೂ ಬರುತ್ತಿದೆ. ಅದನ್ನು ಕೊಳ್ಳುವವರಲ್ಲಿ ನಮ್ಮ ಸಣ್ಣ ವರ್ತಕರೂ ಇದ್ದಾರೆ. ನಾಳೆ ಬೀದರ, ಭಾಲ್ಕಿ, ಔರಾದಗಳ ಸಾರ್ವಜನಿಕ ಮೈದಾನಕ್ಕೂ ಅದನ್ನು ಹಾಸಬೇಕೆಂಬ ಮಾತು ಬಂದರೆ ಆಶ್ಚರ್ಯವಿಲ್ಲ. ಆ ದಿನ ಬರುವ ಮೊದಲೇ ಈ ವಸ್ತುವಿನ ಗುಣವೇನು, ದೋಷವೇನು, ಅದನ್ನು ನೋಡಿಕೊಳ್ಳುವ ಬಗೆ ಯಾವುದು ಎಂಬುದನ್ನು ತಿಳಿದಿರುವುದು ಒಳ್ಳೆಯದೆಂದು ಈ ವಾರ ಇದನ್ನು ಬರೆಯುತ್ತಿದ್ದೇವೆ.

ಮೊದಲು ಅದರ ಹುಟ್ಟನ್ನು ನೋಡೋಣ. 1965ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣ ತೆರೆಯಿತು. ಪಾರದರ್ಶಕ ಛಾವಣಿಯ ಹೊಳಪು ಆಟಗಾರರ ಕಣ್ಣು ಕುಕ್ಕಿತು. ಛಾವಣಿಗೆ ಬಣ್ಣ ಬಳಿದರು. ಬಿಸಿಲು ಕಾಣದೆ ಹುಲ್ಲು ಸತ್ತಿತು. ಆಗ, 1966ರಲ್ಲಿ, ಮಾನ್ಸಾಂಟೊ ಕಂಪನಿ ತಯಾರಿಸಿದ ನೈಲಾನ್ ಹುಲ್ಲನ್ನು ಅಲ್ಲಿ ಹಾಸಿದರು. ಅಂದರೆ, ಬಿಸಿಲು ಇಲ್ಲದ ಕಡೆಗಾಗಿ ಹೆಸರಾದ ಪದಾರ್ಥವಿದು. ಬಿಸಿಲೊಂದಕ್ಕೆ ಮಾತ್ರ ಎಂದೂ ಬರಗಾಲವಿಲ್ಲದ ನಮ್ಮ ಸೀಮೆಗೆ ಅದು ಬರುವಾಗ ಎರಡು ಸಲ ಯೋಚಿಸಬೇಕಾಗುತ್ತದೆ.

ಈ ಹಾಸು ನಮ್ಮ ದೇಶಕ್ಕೆ ಕಲಿಸಿದ ಪಾಠವೂ ಒಂದಿದೆ. ಭಾರತದ ಹಾಕಿ ತಂಡ 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದದ್ದು ಸಹಜ ಹುಲ್ಲಿನ ಮೇಲೆ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಕೊಡಗಿನ ಬಿ.ಪಿ. ಗೋವಿಂದ ಎರಡೂ ತಂಡಗಳಲ್ಲಿದ್ದರು. ಸೋಲಿಗೆ ಹಾಸೊಂದೇ ಕಾರಣವೆನ್ನಲಾಗದು. 1980ರಲ್ಲಿ ಮಾಸ್ಕೋದಲ್ಲಿ ಅಂಥದೇ ಹಾಸಿನ ಮೇಲೆ ನಮ್ಮವರು ಚಿನ್ನ ಗೆದ್ದರು, ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯನವರಿದ್ದರು. ಅನೇಕ ಬಲಿಷ್ಠ ದೇಶಗಳು ಆ ಸಲ ಬರಲಿಲ್ಲವೆಂಬುದೂ ನಿಜ. ಆದರೆ ಒಂದು ಮಾತು ಸ್ಪಷ್ಟ. ಹಣವುಳ್ಳ ದೇಶಗಳ ಹುಡುಗರು ದಿನವೂ ಈ ಹಾಸಿನ ಮೇಲೆ ಅಭ್ಯಾಸ ಮಾಡಿದರು. ಮಣ್ಣಿನಲ್ಲಿ ಬೆಳೆದ ನಮ್ಮ ಹುಡುಗರು ಪಂದ್ಯದ ಹೊತ್ತಿಗೆ ಅದನ್ನು ಮೆಟ್ಟಿದರು. ಹಾಸು ಕೆಟ್ಟದ್ದೆಂದಲ್ಲ, ಅದು ಎಲ್ಲರ ಕಾಲಿಗೂ ಸಿಗಲಿಲ್ಲವೆಂಬುದೇ ಪೆಟ್ಟು. ದೇಶಕ್ಕೆ ಬಿದ್ದ ಈ ಪೆಟ್ಟೇ ಒಂದೇ ಊರಿನ ಎರಡು ಓಣಿಗಳ ನಡುವೆಯೂ ಬೀಳಬಹುದು.

ಆದುದರಿಂದ ನಾವು ಈ ವಸ್ತುವನ್ನು ಸಾರಾಸಗಟಾಗಿ ತಳ್ಳಿಹಾಕುವವರಲ್ಲ. ಅದರ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಸಹಜ ಹುಲ್ಲಿನ ಮೈದಾನಕ್ಕೆ ಬೇಸಗೆಯಿಡೀ ನೀರು ಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಜನರ ಮುಂದೆ ಹುಲ್ಲಿಗೆ ನೀರು ಬಿಡುವುದು ಸುಲಭದ ಮಾತಲ್ಲ. ಸಹಜ ಹುಲ್ಲು ದಿನಕ್ಕೆ ಕೆಲವೇ ತಾಸಿನ ತುಳಿತ ತಡೆಯುತ್ತದೆ. ಕೃತಕ ಹಾಸು ಬೆಳಗಿನಿಂದ ರಾತ್ರಿಯವರೆಗೂ ತಡೆಯುತ್ತದೆ. ನೀರು ಬಸಿಯುವಂತೆ ಕೂರಿಸಿದ್ದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟಕ್ಕೆ ಸಿದ್ಧ.

ಇನ್ನು ದೋಷ. ಮೊದಲನೆಯದು ಬಿಸಿ. ಮೇ ತಿಂಗಳಲ್ಲಿ ನಮ್ಮಲ್ಲಿ ಪಾದರಸ 40 ಡಿಗ್ರಿ ಮುಟ್ಟುತ್ತದೆ. ಅಂಥ ಬಿಸಿಲಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಮೈ 60 ಡಿಗ್ರಿಯನ್ನೂ ದಾಟಬಲ್ಲದು. ಬರಿಗಾಲಿನ ಮಗುವಿನ ಅಂಗಾಲು ಸುಡುತ್ತದೆ. ನೀರು ಹೊಡೆದರೆ ಬಿಸಿ ಇಳಿಯುತ್ತದೆ, ಆದರೆ ಅರ್ಧ ತಾಸಿನೊಳಗೆ ಬಹುಪಾಲು ತಿರುಗಿ ಏರುತ್ತದೆ. ನೀರು ಉಳಿಸಲು ಹಾಕಿದ ಹಾಸಿಗೆ ಹೀಗೆ ನೀರು ಸುರಿಯುತ್ತ ಕೂರುವುದು ಯಾವ ಲೆಕ್ಕ? ಹಾಕಿಯ ದೊಡ್ಡ ಪಂದ್ಯಗಳ ಹಾಸಿಗಂತೂ ಪ್ರತಿ ಆಟಕ್ಕೆ ಮುಂಚೆ ಸಾವಿರಾರು ಲೀಟರ್ ನೀರು ಸಿಂಪಡಿಸುವ ಪದ್ಧತಿಯಿದೆ. ಜಂಬಿಟ್ಟಿಗೆಯ ಬಂಡೆ ಕೊರೆದು ಬಹಮನಿಯರ ಕಾಲದಲ್ಲೇ ಸುರಂಗ ಬಾವಿ ಮಾಡಿಕೊಂಡ ಊರು ನಮ್ಮದು. ನೀರಿನ ಬೆಲೆಯನ್ನು ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಎರಡನೆಯ ದೋಷ ಹುಲ್ಲಿನ ನಡುವೆ ತುಂಬುವ ಪುಡಿಯದು. ಫುಟ್‌ಬಾಲ್ ಹಾಸಿನಲ್ಲಿ ಎಳೆಗಳು ನೆಟ್ಟಗೆ ನಿಲ್ಲಲೆಂದು ಮರಳನ್ನೂ ಹಳೆಯ ಟಾಯರ್ ಅರೆದ ರಬ್ಬರ್ ಹರಳನ್ನೂ ತುಂಬುತ್ತಾರೆ. ಈ ಹರಳು ಬೂಟಿಗೆ, ಬಟ್ಟೆಗೆ ಅಂಟಿ ಹೊರಗೆ ಹೋಗುತ್ತದೆ, ಮಳೆಗೆ ಕೊಚ್ಚಿ ಚರಂಡಿ, ಹಳ್ಳ, ಹೊಲ ಸೇರುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ನಿಯಮ ಮಾಡಿ, ಕ್ರೀಡಾ ಹಾಸಿಗೆ ಇಂಥ ಪುಡಿ ಮಾರುವುದನ್ನು 2031ರಿಂದ ನಿಲ್ಲಿಸಬೇಕೆಂದು ಗೊತ್ತುಮಾಡಿದೆ. ಅಲ್ಲಿ ಬೇಡವಾದ ಮಾಲು ಇಲ್ಲಿಗೆ ಅಗ್ಗವಾಗಿ ಬಂದೀತು, ಗಂಜಿನವರು ಎಚ್ಚರವಾಗಿರಬೇಕು. ಮರಳು ಮಾತ್ರ ತುಂಬುವ ಹಾಸುಗಳೂ ಇವೆ. ಚಿಕ್ಕ ಮಕ್ಕಳ ಜಾಗಕ್ಕೆ ಟಾಯರ್ ಪುಡಿ ಬೇಡವೇ ಬೇಡ.

ಇಷ್ಟನ್ನು ತಿಳಿದ ಮೇಲೂ ಕೊಳ್ಳುವ ಮನಸ್ಸಿದ್ದರೆ, ಕಾಳು ಕೊಳ್ಳುವ ಜಾಣತನದಿಂದಲೇ ಕೊಳ್ಳಬೇಕು. ಚೀಲದ ಬಾಯಿಯ ಕಾಳು ನೋಡಿ ಯಾವ ವರ್ತಕನೂ ದರ ಹೇಳುವುದಿಲ್ಲ. ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತಾನೆ. ಹಾಸನ್ನೂ ಹಾಗೆಯೇ ನೋಡಿರಿ. ಒಂದು ತುಂಡನ್ನು ಹಿಂದಕ್ಕೆ ಮಡಚಿದರೆ ಹೊಲಿಗೆಯ ಸಾಲುಗಳು ಒತ್ತಾಗಿವೆಯೋ, ನಡುವೆ ಬೋಳು ಕಾಣುತ್ತದೆಯೋ ತಿಳಿಯುತ್ತದೆ. ಎಳೆಯನ್ನು ಬೆರಳಿನಿಂದ ಜಗ್ಗಿ ನೋಡಿರಿ; ಕಿತ್ತು ಬಂದರೆ ಮಾತು ಮುಗಿಯಿತು. ಅಂಗೈಯಿಂದ ಒತ್ತಿ ಬಿಟ್ಟರೆ ಎಳೆ ಏಳಬೇಕು. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿದರೆ ಬಣ್ಣ ಹತ್ತಬಾರದು. ಒಂದು ತಂಬಿಗೆ ನೀರು ಸುರಿದರೆ ತಳದ ತೂತುಗಳಿಂದ ಇಳಿದುಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ತುಂಡನ್ನು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿಟ್ಟು ಅದರ ಮೇಲೆ ನಿಮ್ಮ ಅಂಗೈಯನ್ನು ಊರಿರಿ. ನಿಮ್ಮ ಕೈ ತಡೆಯದ್ದನ್ನು ಮಗುವಿನ ಕಾಲು ತಡೆಯಲಾರದು.

ಎಳೆಯ ಉದ್ದವೂ ಕೆಲಸಕ್ಕೆ ತಕ್ಕಂತಿರಬೇಕು. ಹಾಕಿಗೆ ಹತ್ತರಿಂದ ಹದಿನೈದು ಮಿಲಿಮೀಟರಿನ ಗಿಡ್ಡ ಎಳೆ. ಫುಟ್‌ಬಾಲಿಗೆ ನಲವತ್ತರಿಂದ ಅರವತ್ತು. ಮನೆಯ ಮಾಳಿಗೆಗೆ, ಅಂಗಡಿಯ ಮುಂದಕ್ಕೆ ಇಪ್ಪತ್ತೈದರಿಂದ ಮೂವತ್ತೈದು ಸಾಕು. ಉದ್ದ ಹೆಚ್ಚಾದಷ್ಟೂ ಒಳ್ಳೆಯದೆಂಬುದು ಮಾರುವವರ ಮಾತು. ಉದ್ದ ಎಳೆ ಬೇಗ ಮಲಗುತ್ತದೆ, ಧೂಳನ್ನೂ ಹೆಚ್ಚು ಹಿಡಿಯುತ್ತದೆ. ಬಿಸಿಲಿಗೆ ಎಷ್ಟು ವರ್ಷ ತಡೆಯುತ್ತದೆಂಬ ಜವಾಬ್ದಾರಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ಮೊದಲ ಬೇಸಗೆಗೇ ಮಾಸುತ್ತದೆ. ಎದುರಿನ ಕಟ್ಟಡಕ್ಕೆ ಕನ್ನಡಿಯಂಥ ಗಾಜು ಇದ್ದರೆ ಅದರ ಪ್ರತಿಬಿಂಬದ ಬಿಸಿಲಿಗೆ ಹಾಸು ಕರಗಿದ ಪ್ರಸಂಗಗಳೂ ಉಂಟು.

ಹಾಸಿಗಿಂತ ಅದರ ತಳ ಮುಖ್ಯ. ಬೀದರ ನಗರ ಜಂಬಿಟ್ಟಿಗೆಯ ದಿನ್ನೆಯ ಮೇಲಿದೆ. ಮೊರಂ ನೆಲ ನೀರನ್ನು ಕುಡಿಯುತ್ತದೆ. ಭಾಲ್ಕಿ, ಔರಾದ ಕಡೆಯ ಎರೆ ಭೂಮಿ ಹಾಗಲ್ಲ. ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ಸುಮ್ಮನೆ ಹಾಸಿದರೆ ಒಂದೇ ವರ್ಷದಲ್ಲಿ ಹಾಸು ಮಡಿಕೆ ಬೀಳುತ್ತದೆ. ಎರೆಯನ್ನು ತೆಗೆದು, ಮೊರಂ ಮತ್ತು ಜಲ್ಲಿಯನ್ನು ಪದರು ಪದರಾಗಿ ರೋಲರಿನಿಂದ ಕೂರಿಸಿ, ನೂರು ಅಡಿಗೆ ಒಂದಡಿಯಾದರೂ ಇಳಿಜಾರು ಕೊಟ್ಟು, ಅಂಚಿಗೆ ಕಾಲುವೆ ಮಾಡಬೇಕು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಒಂದು ಕಡೆ ಈ ಖರ್ಚನ್ನು ಉಳಿಸಿ ಅಂಗಳಕ್ಕೆ ಹಾಸು ಹಾಕಿದ್ದನ್ನು ಕಂಡಿದ್ದೇವೆ. ಮೊದಲ ಮಳೆಗಾಲಕ್ಕೆ ಕೆಳಗೆ ನೀರು ನಿಂತಿತು, ಎರಡನೆಯದಕ್ಕೆ ಕೂಡುಗೆರೆ ಬಿಚ್ಚಿತು. ಎಡವಿ ಬಿದ್ದ ಹುಡುಗಿಯ ಮುಂಗೈ ಮುರಿದ ಮೇಲೆ ಹಾಸನ್ನು ಸುತ್ತಿ ಮೂಲೆಗಿಟ್ಟರು. ಜೋಕಾಲಿ, ಜಾರುಬಂಡೆಗಳ ಕೆಳಗೆ ಕಾಂಕ್ರೀಟಿನ ಮೇಲೆ ತೆಳ್ಳನೆಯ ಹಾಸು ಹಾಕಿ ‘ಸುರಕ್ಷಿತ’ವೆನ್ನುವುದಂತೂ ವಂಚನೆ. ಕೆಳಗೆ ಮೆತ್ತೆಯ ಪದರು ಇರಬೇಕು, ಇಲ್ಲವೆ ಒಳ್ಳೆಯ ಮರಳೇ ಲೇಸು.

ಹಾಸಿದ ಮೇಲೆ ಖರ್ಚಿಲ್ಲವೆಂಬುದು ಇನ್ನೊಂದು ಸುಳ್ಳು. ದಿನವೂ ಎಲೆ, ಕಸ ಗುಡಿಸಬೇಕು. ವಾರಕ್ಕೊಮ್ಮೆ ಎಳೆ ಮಲಗಿದ ದಿಕ್ಕಿಗೆ ಎದುರಾಗಿ ಗಟ್ಟಿ ನೈಲಾನ್ ಬ್ರಷ್ಷಿನಿಂದ ಎಬ್ಬಿಸಬೇಕು. ತಂತಿಯ ಬ್ರಷ್ಷು ಎಳೆಯನ್ನು ಹರಿಯುತ್ತದೆ. ತಿಂಗಳಿಗೊಮ್ಮೆ ಕೂಡುಗೆರೆಗಳ ಮೇಲೆ ಕಾಲಾಡಿಸಿ ನೋಡಿ, ಬಿಚ್ಚಿದ್ದನ್ನು ಅಂಗೈಯಗಲ ಇರುವಾಗಲೇ ಅಂಟಿಸಬೇಕು. ಗೋಲಿನ ಮುಂದೆ, ಬೌಲರನ ಕಾಲು ಬೀಳುವಲ್ಲಿ ಮರಳು ಬೇಗ ಸರಿಯುತ್ತದೆ. ವರ್ಷಕ್ಕೆರಡು ಸಲ ಅಳೆದು ತುಂಬಬೇಕು. ಬೀಡಿಯ ಕಿಡಿ, ಪಟಾಕಿ, ಗುಟಕಾದ ಉಗುಳು ಇವು ಮೂರೂ ಹಾಸಿನ ಶತ್ರುಗಳು. ಉಗುಳಿನ ಕಲೆಯನ್ನು ಆಗಲೇ ಸೌಮ್ಯ ಸಾಬೂನು ನೀರಿನಿಂದ ತೊಳೆಯಬೇಕು. ಮಳೆಗಾಲದಲ್ಲಿ ನೆರಳಿನ ಮೂಲೆಗಳಲ್ಲಿ ಪಾಚಿ ಕಟ್ಟದಂತೆ ನೋಡಬೇಕು. ಹೀಗೆಲ್ಲ ಮಾಡಿದರೂ ಹಾಸಿನ ಆಯುಷ್ಯ ಎಂಟು-ಹತ್ತು ವರ್ಷ. ಆಮೇಲೆ ಅದು ಸುಡಲಾಗದ, ಹೂಳಲಾಗದ ಪ್ಲಾಸ್ಟಿಕ್ಕಿನ ರಾಶಿ. ಫುಟ್‌ಬಾಲಿನ ಪೂರ್ಣ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ಅಷ್ಟನ್ನು ಕಿತ್ತು ಎಲ್ಲಿಗೆ ಒಯ್ಯುತ್ತೀರಿ ಎಂದು ಹಾಸುವ ದಿನವೇ ಕೇಳಬೇಕಲ್ಲವೇ?

ಈಗ ಮುಖ್ಯ ಮಾತಿಗೆ ಬರೋಣ. ಮನೆಯವರು ತಮ್ಮ ಮಾಳಿಗೆಗೆ ಏನು ಹಾಸಿದರೂ ಅದು ಅವರ ಹಣ, ಅವರ ಇಷ್ಟ. ಬಲೆ ಕಟ್ಟಿ ಬಾಡಿಗೆಗೆ ಬಿಡುವವನದೂ ಒಂದು ವ್ಯಾಪಾರ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಸಾರ್ವಜನಿಕ ಮೈದಾನ ಜನರದು. ನಗರಾಡಳಿತದ ಹಣವಾಗಲಿ, ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯ ಹೆಸರಿನಲ್ಲಿ ಬರುವ ಅಭಿವೃದ್ಧಿ ಮಂಡಳಿಯ ಹಣವಾಗಲಿ, ಅದರಲ್ಲಿ ಹಮಾಲನ ಬೆವರಿನ ಪಾಲೂ ಇದೆ. ಆ ಹಣದಿಂದ ಹಾಸು ಹಾಸಿ, ಸುತ್ತ ಬೇಲಿ ಕಟ್ಟಿ, ‘ಹಾಸು ಹಾಳಾಗುತ್ತದೆ’ ಎಂಬ ನೆಪದಿಂದ ಬರಿಗಾಲಿನ ಮಕ್ಕಳನ್ನು ಹೊರಗೆ ನಿಲ್ಲಿಸಿ, ನಿರ್ವಹಣೆಯ ಹೆಸರಿನಲ್ಲಿ ಗುತ್ತಿಗೆದಾರನೊಬ್ಬನು ಗಂಟೆಯ ಬಾಡಿಗೆ ವಸೂಲು ಮಾಡುವಂತಾದರೆ, ಅದನ್ನು ಅಭಿವೃದ್ಧಿ ಎನ್ನಲು ನಾವು ಸಿದ್ಧರಿಲ್ಲ. ನಿನ್ನೆಯವರೆಗೆ ಪುಕ್ಕಟೆಯಾಗಿ ಆಡುತ್ತಿದ್ದ ಬಯಲನ್ನು ಆ ಮಕ್ಕಳಿಂದ ಕಸಿದುಕೊಂಡಂತೆಯೇ ಆಯಿತು.

ಅದಕ್ಕಾಗಿ ನಾವು ಐದು ಪ್ರಶ್ನೆಗಳನ್ನು ಮುಂದಿಡುತ್ತೇವೆ. ಯಾವ ಮೈದಾನಕ್ಕೆ ಹಾಸಿನ ಮಾತು ಬಂದರೂ ಮೊದಲು ಇವುಗಳಿಗೆ ಉತ್ತರ ಬರಲಿ. ಒಂದು, ದಿನದ ಎಷ್ಟು ತಾಸು ಅದು ಎಲ್ಲ ಮಕ್ಕಳಿಗೂ ಪುಕ್ಕಟೆಯಾಗಿ ತೆರೆದಿರುತ್ತದೆ, ಗಿರಣಿಯ ಪಾಳಿ ಮುಗಿಸಿ ಬರುವವನಿಗೆ ಸಂಜೆಯ ಯಾವ ಹೊತ್ತು ಸಿಗುತ್ತದೆ? ಎರಡು, ಗುಡಿಸುವವರು, ತಿದ್ದುವವರು ಯಾರು, ಅವರ ಸಂಬಳ ಯಾವ ಲೆಕ್ಕದಿಂದ? ಮೂರು, ಹತ್ತು ವರ್ಷಕ್ಕೆ ಬದಲಿಸಲು ಪ್ರತಿ ವರ್ಷ ಹತ್ತನೆಯ ಒಂದು ಪಾಲನ್ನು ಬೇರೆಯಾಗಿ ತೆಗೆದಿಡುತ್ತಾರೆಯೇ? ನಾಲ್ಕು, ಟಾಯರ್ ಪುಡಿ ಬಳಸುವುದಿಲ್ಲವೆಂದೂ ಹಳೆಯ ಹಾಸನ್ನು ತಯಾರಕನೇ ಹಿಂದಕ್ಕೆ ಒಯ್ಯಬೇಕೆಂದೂ ಕರಾರಿನಲ್ಲಿದೆಯೇ? ಐದು, ಬರಿಗಾಲಿನ ಮಕ್ಕಳಿಗಾಗಿ ಪಕ್ಕದಲ್ಲೇ ಮಣ್ಣಿನ ಬಯಲನ್ನು ಉಳಿಸುತ್ತಾರೆಯೇ?

ಉತ್ತರ ಬಾರದಿದ್ದರೆ ದಾರಿಯಿಲ್ಲವೆಂದಲ್ಲ. ಕಲ್ಲು ಆಯ್ದು, ಮೊರಂ ಹಾಕಿ, ನೀರು ಸಿಂಪಡಿಸಿ ರೋಲರ್ ಎಳೆದ ಮಣ್ಣಿನ ಮೈದಾನ, ಸುತ್ತ ನಾಲ್ಕಾರು ಬೇವಿನ ಮರ, ಒಂದು ನಲ್ಲಿ, ಹುಡುಗಿಯರಿಗೆ ಬಾಗಿಲಿರುವ ಶೌಚಾಲಯ, ಎರಡು ದೀಪದ ಕಂಬ: ಇಷ್ಟಕ್ಕೆ ತಗಲುವ ವೆಚ್ಚ ಹಾಸಿನ ವೆಚ್ಚದ ಒಂದು ಸಣ್ಣ ಪಾಲು. ಕೊಡಗಿನಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನೂರಾರು ತಂಡಗಳ ಹಬ್ಬವಾಗಿ ಬೆಳೆದದ್ದು ಊರ ಮೈದಾನಗಳಲ್ಲಿ. ಅಲ್ಲಿ ಮೊದಲು ಬಂದವರು ಆಡುವ ಜನ.

ಗಂಜಿನ ವರ್ತಕ ಬಂಧುಗಳೇ, ಗಿರಣಿಯ ಸಂಗಾತಿಗಳೇ, ನಿಮ್ಮ ವಾರ್ಡಿನ ಸದಸ್ಯರು ಎದುರಾದಾಗ ಈ ಐದು ಪ್ರಶ್ನೆಗಳನ್ನು ಕೇಳಿರಿ. ವರ್ತಕರು ಲೆಕ್ಕ ಕೇಳುವುದರಲ್ಲಿ ಪಳಗಿದವರು. ಕೂಲಿಕಾರರು ಕೂಡಿ ನಿಲ್ಲುವುದರಲ್ಲಿ ಪಳಗಿದವರು. ಈ ಎರಡೂ ಒಂದಾದರೆ ನಮ್ಮ ಮಕ್ಕಳ ಬಯಲನ್ನು ಯಾರೂ ಬೇಲಿಯೊಳಗೆ ಸೇರಿಸಲಾರರು. ಹಾಸು ಬರುವುದಾದರೆ ಬರಲಿ; ಅದರ ಮೇಲೆ ಮೊದಲ ಸಂಜೆ ಓಡುವ ಕಾಲುಗಳು ಗಂಜಿನ ಹಮಾಲರ ಮಕ್ಕಳವಾಗಿರಲಿ.