ನೆಲಮಾಳಿಗೆಯ ‘ಟಕ್’

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿ ಬಾಸ್ಟನ್ ಹತ್ತಿರವಿರುವ ಮಗಳ ಮನೆಗೆ ಹೋದಳು. ವಾರ ಕಳೆಯುವುದರೊಳಗೆ ಫೋನು: “ಅಣ್ಣಾ, ಹಾಲ್‌ನಲ್ಲಿ ಕೂತ್ರೆ ಬೆವರು, ರೂಮಲ್ಲಿ ಮಲಗಿದ್ರೆ ನಡುಕ. ರೂಮಿನ ಥರ್ಮೋಸ್ಟಾಟ್ ಏರಿಸಿದಷ್ಟೂ ಹಾಲೇ ಕಾಯತ್ತೆ.” ರಿಪೇರಿಯವರು ಬಂದು ಹೊಸ ಪಂಪು ಕೂರಿಸಿ, ದುಡ್ಡು ಎಣಿಸಿಕೊಂಡು ಹೋಗಿದ್ದರಂತೆ. ದೂರು ಮಾತ್ರ ಹಾಗೇ ಉಳಿದಿತ್ತು. ಅವಳ ಕೊನೆಯ ಮಾತಿನಲ್ಲೇ ರೋಗದ ಗುರುತು ಇತ್ತು. ಅದು ಕಾಣಬೇಕಾದರೆ ಆ ಮನೆಗಳು ಬೆಚ್ಚಗಾಗುವ ಬಗೆ ತುಸು ತಿಳಿದಿರಬೇಕು.

ಅಮೆರಿಕದ ಈಶಾನ್ಯ ಭಾಗದ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಎಣ್ಣೆಯದೋ ಗ್ಯಾಸಿನದೋ ಬಾಯ್ಲರ್ ಇರುತ್ತದೆ. ಅದು ಸಾಮಾನ್ಯವಾಗಿ 180 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 82 ಡಿಗ್ರಿ ಸೆಲ್ಸಿಯಸ್‌ವರೆಗೆ ನೀರು ಕಾಯಿಸುತ್ತದೆ. ಆ ನೀರು ಗೋಡೆಯ ಬುಡದಲ್ಲಿ ಹಾಯ್ದ ಕೊಳವೆಗಳಲ್ಲಿ ಸುತ್ತಿ, ಬಿಸಿಯನ್ನು ಕೋಣೆಗೆ ಬಿಟ್ಟುಕೊಟ್ಟು ವಾಪಸ್ ಬರುತ್ತದೆ. ಮನೆಯನ್ನು ವಲಯಗಳಾಗಿ ಹಂಚಿರುತ್ತಾರೆ: ಹಾಲ್ ಮತ್ತು ಅಡುಗೆಮನೆ ಒಂದು, ಮಲಗುವ ಕೋಣೆಗಳು ಒಂದು, ಗ್ಯಾರೇಜಿನ ಮೇಲಿನ ಕೋಣೆ ಇನ್ನೊಂದು. ಪ್ರತಿ ವಲಯಕ್ಕೂ ಕೋಣೆಯ ಬಿಸಿ ಅಳೆಯುವ ಒಂದು ಥರ್ಮೋಸ್ಟಾಟ್, ಒಂದು ಪಂಪು. ಒಂದೇ ಪಂಪು ಇಟ್ಟು ವಲಯಕ್ಕೊಂದು ವಾಲ್ವ್ ಹಾಕುವುದೂ ಉಂಟು. ನನ್ನ ಒಲವು ಬೇರೆಬೇರೆ ಪಂಪಿನ ಕಡೆಗೆ. ಒಂದು ಕೆಟ್ಟರೂ ಉಳಿದ ಮನೆ ಬೆಚ್ಚಗಿರುತ್ತದೆ. ಈ ಪಂಪು ನೀರನ್ನು ಮೇಲಕ್ಕೆತ್ತಬೇಕಾಗಿಲ್ಲ, ತುಂಬಿಕೊಂಡೇ ಇರುವ ಕೊಳವೆಯಲ್ಲಿ ತಿರುಗಿಸಿದರಾಯಿತು. ಹಾಗಾಗಿ ಅದಕ್ಕೆ ಹಳೇ ಕಾಲದ ಒಂದು ಬಲ್ಬಿನಷ್ಟು ಕರೆಂಟು ಸಾಕು.

ಗೋಡೆಯ ಥರ್ಮೋಸ್ಟಾಟೇ ಪಂಪನ್ನು ಓಡಿಸುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅಷ್ಟು ಶಕ್ತಿ ಅದಕ್ಕಿಲ್ಲ. ಅದರ ಹಿಂದಿನ ತಂತಿ ಕಾಲಿಂಗ್ ಬೆಲ್ಲಿನ ತಂತಿಯಷ್ಟೇ ತೆಳು. ಅದರಲ್ಲಿರುವುದು 24 ವೋಲ್ಟ್. ಪಂಪಿಗೆ ಬೇಕಾದದ್ದು ಅಲ್ಲಿಯ ಮನೆ ಕರೆಂಟು, 120 ವೋಲ್ಟ್. ನಡುವೆ ನಿಂತು ಕೆಲಸ ಮಾಡಿಸುವುದು ರಿಲೇ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ‘ಟಪ್’ ಎಂದು ಎಳೆದುಕೊಳ್ಳುತ್ತದೆ, ಮೋಟಾರಿನ ಭಾರೀ ಕರೆಂಟು ಹಾಯುವುದು ಬೇರೆ ದಾರಿಯಲ್ಲಿ. ಇಲ್ಲಿ ಗುಂಡಿ ಒತ್ತುವ ಬೆರಳು ಥರ್ಮೋಸ್ಟಾಟ್, ಅಷ್ಟೆ. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಮೇಷ್ಟರಾಗಿದ್ದ ವಾರನ್ ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ಉಪಕರಣವೂ ಕೋಣೆ ತಣ್ಣಗಾದಾಗ ಕೆಳಗೆ ಬೆಂಕಿ ನೋಡಿಕೊಳ್ಳುವವನಿಗೆ ಗಂಟೆ ಬಾರಿಸುತ್ತಿತ್ತು. ಆಗಿನಿಂದಲೂ ಕೋಣೆಯ ಥರ್ಮೋಸ್ಟಾಟ್ ಬಿಸಿ ಬೇಕೆಂದು ಕೇಳುವ ಜಾತಿಯದು.

ಕೋಣೆ ಕೇಳಿದಾಗ ಎರಡು ಕೆಲಸ ಆಗಬೇಕು. ಆ ವಲಯದ ಪಂಪು ತಿರುಗಬೇಕು, ಬಾಯ್ಲರ್ ಹೊತ್ತಿಕೊಳ್ಳಬೇಕು. ಮದುವೆಮನೆಯಲ್ಲಿ ಯಾವ ಎಲೆಯವರು ಸಾರು ಕೇಳಿದರು ಎಂಬುದು ಬಡಿಸುವವನಿಗೆ ಗೊತ್ತಿರಬೇಕು. ಒಲೆ ಮುಂದಿನ ಭಟ್ಟರಿಗೆ ಸಾರು ಬೇಕಂತೆ ಎಂದು ತಿಳಿದರೆ ಸಾಕು. ಅದಕ್ಕೇ ನೆಲಮಾಳಿಗೆಯ ರಿಲೇ ಡಬ್ಬಿಯಲ್ಲಿ ವಲಯಕ್ಕೊಂದು ರಿಲೇ ಇದ್ದು, ಪ್ರತಿಯೊಂದೂ ತನ್ನ ಪಂಪಿಗೆ 120 ವೋಲ್ಟ್ ಕೊಡುತ್ತದೆ. ಜೊತೆಗೆ ಯಾವ ರಿಲೇ ಎದ್ದರೂ ಮುಚ್ಚಿಕೊಳ್ಳುವ ಇನ್ನೊಂದು ಸಂಪರ್ಕವಿರುತ್ತದೆ. ಅದರಿಂದ ಹೊರಟ ಎರಡು ತಂತಿ ಬಾಯ್ಲರಿನ ‘ಟಿ–ಟಿ’ ಟರ್ಮಿನಲ್ಲುಗಳಿಗೆ ಹೋಗುತ್ತವೆ. ಆ ಸಂಪರ್ಕಕ್ಕೆ ಸ್ವಂತ ಕರೆಂಟಿಲ್ಲ, ಬಾಯ್ಲರ್ ತನ್ನ 24 ವೋಲ್ಟನ್ನೇ ಕಳಿಸಿ ವಾಪಸ್ ಪಡೆಯುತ್ತದೆ. ಈ 24 ವೋಲ್ಟ್ ಕೊಡಲು ಡಬ್ಬಿಯಲ್ಲೊಂದು ಟ್ರಾನ್ಸ್‌ಫಾರ್ಮರ್, ಬಾಯ್ಲರಿನಲ್ಲೊಂದು. ಇವೆರಡನ್ನೂ ಅರಿಯದೆ ಕೂಡಿಸಿದರೆ, ಒಂದರ ಅಲೆ ಇನ್ನೊಂದಕ್ಕೆ ಎದುರಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಎಲ್ಲ ಪಂಪುಗಳನ್ನೂ ಬಾಯ್ಲರಿನ ಒಂದೇ ಪಂಪ್ ಟರ್ಮಿನಲ್ಲಿಗೆ ನೇತುಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಆಗ ಯಾರು ಕೇಳಿದರೂ ಎಲ್ಲ ಪಂಪೂ ಓಡುತ್ತವೆ. ವಲಯ ಎನ್ನುವುದು ಹೆಸರಿಗೆ ಮಾತ್ರ. ಕೇಳದ ವಲಯ ಕಾದರೆ ಪ್ರತಿಸಲವೂ ತಂತಿಯನ್ನೇ ದೂರಬೇಕಿಲ್ಲ. ಬಿಸಿನೀರು ತಾನಾಗಿ ಮೇಲೇರುತ್ತದೆ, ಅದನ್ನು ತಡೆಯುವ ಚೆಕ್ ವಾಲ್ವಿಗೆ ಕಸ ಸಿಕ್ಕಿದ್ದರೂ ಹಾಗಾಗುತ್ತದೆ. ಈಚೆಗಿನ ಸ್ಮಾರ್ಟ್ ಥರ್ಮೋಸ್ಟಾಟುಗಳದ್ದು ಬೇರೆಯೇ ಕಾಟ. ಹಳೆಯ ಮನೆಯ ಗೋಡೆಯಲ್ಲಿ ಎರಡೇ ತಂತಿ. ಮೂರನೆಯ ‘ಸಿ’ ತಂತಿ ಇಲ್ಲದಿದ್ದರೆ ಕೆಲವು ಮಾದರಿಗಳು ರಿಲೇಯ ಕಾಯಿಲ್ ಮೂಲಕವೇ ಚೂರುಪಾರು ಕರೆಂಟು ಕದಿಯುತ್ತವೆ. ಅಷ್ಟಕ್ಕೇ ರಿಲೇ ಅರ್ಧ ಎದ್ದು ಅರ್ಧ ಬಿದ್ದು ರಾತ್ರಿಯಿಡೀ ಟಕಟಕ ಎನ್ನಬಹುದು.

ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ನೋಡಲು ಹೊಸದು ಕೊಳ್ಳಬೇಕಿಲ್ಲ. ಅದನ್ನು ಗೋಡೆಯಿಂದ ಬಿಡಿಸಿ ‘ಆರ್’ ಮತ್ತು ‘ಡಬ್ಲ್ಯೂ’ ತಂತಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದರೆ ಸಾಕು. ಪಂಪು ಓಡಿದರೆ ದೋಷ ಥರ್ಮೋಸ್ಟಾಟಿನದು. ಆದರೆ ಗೋಡೆಯೊಳಗಿಂದ ದಪ್ಪ ತಂತಿ ಬಂದಿದ್ದರೆ ಮುಟ್ಟಬೇಡಿ. ಅದು ವಿದ್ಯುತ್ ಹೀಟರಿನ ಥರ್ಮೋಸ್ಟಾಟ್ ಇರಬಹುದು, ಅಲ್ಲಿ ಪೂರಾ ಮನೆ ಕರೆಂಟು ಹರಿಯುತ್ತಿರುತ್ತದೆ.

ಈಗ ತಂಗಿಯ ಮಾತು. ರೂಮಿನ ಥರ್ಮೋಸ್ಟಾಟ್ ಏರಿಸಿದರೆ ಹಾಲ್ ಕಾಯುತ್ತದೆ. ಹಾಲ್ ಕಾದಿರುವುದರಿಂದ ಅದರ ಥರ್ಮೋಸ್ಟಾಟ್ ಬಾಯಿ ಬಿಡುವುದೇ ಇಲ್ಲ. ರೂಮು ಇನ್ನೂ ತಣ್ಣಗಿರುವುದರಿಂದ ಅದರದ್ದು ಕೇಳುವುದನ್ನು ನಿಲ್ಲಿಸುವುದಿಲ್ಲ. ಎರಡು ತಂತಿ ಅದಲುಬದಲಾದರೆ ಹೀಗೇ ಆಗುತ್ತದೆ: ರೂಮಿನ ಕೇಳಿಕೆ ಹಾಲಿನ ಪಂಪಿಗೆ, ಹಾಲಿನದ್ದು ರೂಮಿನ ಪಂಪಿಗೆ. ಹೊಸ ಪಂಪು ಹಾಕಿದರೆ ಇದು ಸರಿಹೋಗುವುದಾದರೂ ಹೇಗೆ?

ವಿಡಿಯೋ ಕಾಲ್‌ನಲ್ಲಿ ತಂಗಿಯ ಮಗಳನ್ನು, ನನ್ನ ಸೋದರಸೊಸೆಯನ್ನು, ನೆಲಮಾಳಿಗೆಗೆ ಇಳಿಸಿದೆ. ತಂಗಿ ಮೇಲೆ ರೂಮಿನದ್ದನ್ನು ಏರಿಸಿದಳು. ‘ಟಕ್’ ಎಂದಿತು. “ಮಾಮ, ಬೆಚ್ಚಗಾಗ್ತಿರೋದು ಹಾಲಿಗೆ ಹೋಗೋ ಪೈಪು” ಎಂದಳು. ಮೆಟ್ಟಿಲ ಮೇಲ್ತುದಿಯಲ್ಲಿದ್ದ, ಬಾಯ್ಲರಿನ ಕರೆಂಟು ಕಡಿಯುವ ಕೆಂಪು ಸ್ವಿಚ್ ಆಫ್ ಮಾಡಿಸಿದೆ. ಡಬ್ಬಿಯಲ್ಲಿ ಕರೆಂಟಿಲ್ಲ ಎಂದು ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದು ಖಚಿತಪಡಿಸಿದ ಮೇಲೆ, ಆತನೇ ಎರಡು ತೆಳು ತಂತಿಗಳನ್ನು ಅದಲುಬದಲು ಮಾಡಿದ. ಐದು ನಿಮಿಷದ ಕೆಲಸ.

ಅರ್ಧ ಗಂಟೆಯ ಮೇಲೆ ಫೋನ್ ಮಾಡಿದರೆ ತಂಗಿ ಗೋಡೆಯ ಬುಡಕ್ಕೆ ಕೈ ಹಿಡಿದು ಕೂತಿದ್ದಳು. ಸೊಸೆ ಕೆಳಗೆ ತಂತಿಗೆ ಚೀಟಿ ಅಂಟಿಸುತ್ತಿದ್ದಳು: ‘ಅಮ್ಮನ ರೂಮು’.