ಟಾರಿನೊಳಗಿನ ಹುಡಿಗೆ ಲೆಕ್ಕ ಕೊಡಿ!



ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ ಹಾಗೆ ಬೇಸಿಗೆಯಲ್ಲಿ ಬೀದಿಗೆ ಟಾರು ಹಾಕುತ್ತಾರೆ. ದೀಪಾವಳಿಯ ಮಳೆ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಜಲ್ಲಿ ಒಂದು ಕಡೆ, ಟಾರು ಒಂದು ಕಡೆ! ತ್ರಿಪ್ಲಿಕೇನಿನ ಎಷ್ಟೋ ಸಂದುಗಳಲ್ಲಿ ಇದು ವರ್ಷ ವರ್ಷವೂ ನಡೆಯುವ ಕಥೆ. ಏಕೆ ಹೀಗೆ ಎಂದು ಕೇಳಿದರೆ ಸಿದ್ಧವಾದ ಉತ್ತರ ಒಂದಿದೆ: “ಏನು ಮಾಡುವುದು ಸ್ವಾಮಿ, ಮಳೆ!”

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಚೆನ್ನೈಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 1,400 ಮಿಲಿಮೀಟರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನ ಒಳಗೆ ಬೀಳುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಸಂಗತಿಯಲ್ಲ. ನಮ್ಮ ಅಜ್ಜಂದಿರು ಉಡುಪಿಯಿಂದ ಬಂದು ಇಲ್ಲಿ ಒಲೆ ಹೂಡಿದ ಕಾಲದಲ್ಲಿಯೂ ಹೀಗೆಯೇ ಇತ್ತು. ಬೇಸಿಗೆಯಲ್ಲಿ ದೋಸೆಯ ಹಿಟ್ಟು ಬೇಗ ಹುಳಿಯುತ್ತದೆಂದು ತಿಳಿದ ಅಡಿಗೆಯವನು ಅದಕ್ಕೆ ತಕ್ಕಂತೆ ಅರೆಯುತ್ತಾನೆ. ಹಿಟ್ಟು ಕೆಟ್ಟಿತೆಂದು ಸೂರ್ಯನನ್ನು ಬೈದರೆ ಮಾಲಿಕನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾನೆಯೇ? ಹಾಗಾದರೆ ಬರುವುದೆಂದು ಗೊತ್ತಿದ್ದ ಮಳೆಯನ್ನು ಬೈದು ರಸ್ತೆ ಮಾಡುವವರು ಮಾತ್ರ ಹೇಗೆ ಪಾರಾಗುತ್ತಾರೆ?

ಕಾರಣವನ್ನು ಆಕಾಶದಲ್ಲಿ ಹುಡುಕುವ ಮೊದಲು ಟಾರಿನ ಒಳಗೆ ಹುಡುಕಬೇಕು. ಅಲ್ಲಿಯೂ ಎಲ್ಲಕ್ಕಿಂತ ಅಗ್ಗವಾದ, ಯಾರೂ ಲೆಕ್ಕ ಕೇಳದ ಒಂದು ವಸ್ತುವಿದೆ. ಅದು ಹುಡಿ.

ರಸ್ತೆಯ ಮೇಲಿನ ಪದರಿನಲ್ಲಿ ಏನೇನಿದೆ? ದಪ್ಪ ಜಲ್ಲಿ, ಸಣ್ಣ ಜಲ್ಲಿ, ಕಲ್ಲಿನ ಮರಳು, ಹುಡಿ, ಟಾರು. ನಾವು ರೂಢಿಯಲ್ಲಿ ಟಾರು ಎನ್ನುವುದು ಈಗ ಕಲ್ಲಿದ್ದಲಿನ ಟಾರಲ್ಲ. ಕಚ್ಚಾ ಎಣ್ಣೆಯನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. ಹುಡಿಯನ್ನು ಎಂಜಿನಿಯರರು ‘ಫಿಲ್ಲರು’ ಎನ್ನುತ್ತಾರೆ, ಎಂದರೆ ಸಂದು ತುಂಬುವುದು. ಅದು ಕಲ್ಲಿನ ಹುಡಿಯಾಗಿರಬಹುದು, ಸಿಮೆಂಟಾಗಿರಬಹುದು, ಅರಳಿಸಿದ ಸುಣ್ಣವಾಗಿರಬಹುದು. ಕೇಂದ್ರ ಸರ್ಕಾರದ ರಸ್ತೆ ಇಲಾಖೆಯ ನಿಯಮ ಪುಸ್ತಕದ ಪ್ರಕಾರ ಇದರ ನೂರು ಪಾಲಿನಲ್ಲಿ 85 ಪಾಲಾದರೂ 0.075 ಮಿಲಿಮೀಟರಿನ ಜರಡಿಯಲ್ಲಿ ಇಳಿಯಬೇಕು. ತಲೆಗೂದಲಿನ ದಪ್ಪದಷ್ಟು ಕಿರಿದಾದ ಕಣ್ಣು ಅದು! ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಸ್ತ್ರಗಾಳಿತ.

ಇಷ್ಟು ನಯವಾದ ಹುಡಿ ಮಾಡುವ ಕೆಲಸವೇನು? ಸಾಂಬಾರು ನೀರಾಗಿ ಉಳಿದರೆ ಅಕ್ಕಿಹಿಟ್ಟು ಕದಡಿ ಹಾಕುವುದು ನಮ್ಮಲ್ಲಿ ಯಾರಿಗೆ ತಿಳಿಯದು? ಹಿಟ್ಟು ಬಿದ್ದೊಡನೆ ಸಾಂಬಾರು ಮಂದವಾಗಿ ಹೋಳಿಗೆ ಹಿಡಿಯುತ್ತದೆ. ಟಾರಿನೊಳಗೆ ಹುಡಿ ಮಾಡುವುದೂ ಅದನ್ನೇ. ಜಲ್ಲಿಯನ್ನು ಜಲ್ಲಿಗೆ ಹಿಡಿಸುವುದು ಬರಿಯ ಟಾರಲ್ಲ. ಟಾರೂ ಹುಡಿಯೂ ಕೂಡಿ ಆದ ಅಂಟು. ಹುಡಿ ಕಡಿಮೆಯಾದರೆ ಅಂಟು ಸಡಿಲ. ಮೇ ತಿಂಗಳಲ್ಲಿ ಬೀದಿಯ ಮೈ 60 ಡಿಗ್ರಿ ದಾಟಿ ಕಾಯುವಾಗ ಟಾರು ಮೇಲೆ ತೇಲುತ್ತದೆ, ಬಸ್ಸಿನ ಗಾಲಿ ಹೋದಲ್ಲಿ ಹಳ್ಳ ಬೀಳುತ್ತದೆ. ಹುಡಿ ಹೆಚ್ಚಾದರೆ ಅದು ಟಾರನ್ನೆಲ್ಲ ಕುಡಿದು ಬಿಡುತ್ತದೆ. ಹಾಸು ಒಣಗಿ ಗಡಸಾಗಿ ಹಪ್ಪಳದಂತೆ ಬಿರಿಯುತ್ತದೆ. ಆದುದರಿಂದ ಟಾರಿನ ತೂಕ 10 ಆದರೆ ಹುಡಿಯ ತೂಕ 6ಕ್ಕೂ 12ಕ್ಕೂ ನಡುವೆ ಇರಬೇಕೆಂಬುದು ಸಾಮಾನ್ಯ ಅಳತೆ. ಇಲ್ಲಿ ಕೈಯಂದಾಜು ನಡೆಯದು.

ಅಳತೆಗಿಂತ ಮುಖ್ಯವಾದುದು ಜಾತಿ. ಅದು ಕಲ್ಲಿನ ಹುಡಿಯೋ, ಮಣ್ಣಿನ ಹುಡಿಯೋ? ಕಣ್ಣಿಗೆ ಎರಡೂ ಒಂದೇ. ಜರಡಿಯಲ್ಲಿ ಎರಡೂ ಇಳಿಯುತ್ತವೆ. ಆದರೆ ಜೇಡಿಮಣ್ಣು ನೀರು ಕಂಡರೆ ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಅದಕ್ಕಾಗಿಯೇ ನಿಯಮ ಪುಸ್ತಕವು ಹುಡಿಯ ಜಿಗುಟಿನ ಅಂಕ 4ನ್ನು ದಾಟಬಾರದೆಂದು ಕಟ್ಟು ಮಾಡಿದೆ. ತೊಳೆಯದ ಜಲ್ಲಿಗೆ ಅಂಟಿದ ಮಣ್ಣು ಸೇರಿಕೊಂಡರೆ ಕಂಟ್ರಾಕ್ಟರಿಗೆ ಖರ್ಚಿಲ್ಲ. ಮೊದಲನೆಯ ಮಳೆಯವರೆಗೆ ಯಾರಿಗೂ ತಿಳಿಯುವುದೂ ಇಲ್ಲ.

ಮಿಲ್ಲಿನ ಹಿರಿಯರಿಗೆ ಈ ಮೋಸವನ್ನು ನಾವು ವಿವರಿಸಬೇಕಾಗಿಲ್ಲ. ಪೆರಂಬೂರಿನ ಬಿ ಅಂಡ್ ಸಿ ಮಿಲ್ಲು 1996ರಲ್ಲಿ ಮುಚ್ಚಿತು. ಆದರೆ ಗಂಜಿ ಖಾತೆಯಲ್ಲಿ ದುಡಿದ ಕೈ ತನ್ನ ವಿದ್ಯೆಯನ್ನು ಮರೆಯುವುದಿಲ್ಲ. ಹಾಸುನೂಲಿಗೆ ಹದವಾದ ಗಂಜಿ ಹಾಕಿದರೆ ನೂಲು ಮಗ್ಗದ ಎಳೆತವನ್ನು ತಾಳುತ್ತದೆ. ಅದು ನ್ಯಾಯವಾದ ಗಂಜಿ. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಾಶೈರಿನ ಮಾಲಿಕರು ಗಂಜಿಯೊಂದಿಗೆ ಬಿಳಿಯ ಜೇಡಿಮಣ್ಣನ್ನು ಬೆರೆಸಿ, ತೆಳ್ಳನೆಯ ಬಟ್ಟೆಯನ್ನು ತೂಕದ ಬಟ್ಟೆಯೆಂದು ನಮ್ಮ ದೇಶಕ್ಕೆ ಮಾರಿದರು. ಒಂದು ಒಗೆತಕ್ಕೆ ಮಣ್ಣು ಹೋಯಿತು, ಜಾಲರಿ ಉಳಿಯಿತು! ಹುಡಿ ಕೆಟ್ಟದ್ದಲ್ಲ, ಬಂಧುಗಳೇ. ಹುಡಿಯಿಂದಲೇ ನೂಲು ನಿಲ್ಲುತ್ತದೆ, ಹುಡಿಯಿಂದಲೇ ರಸ್ತೆ ನಿಲ್ಲುತ್ತದೆ. ಆದರೆ ತೂಕ ತುಂಬಲು ಹಾಕಿದ ಹುಡಿಯೇ ಬೇರೆ, ಬಲ ತುಂಬಲು ಹಾಕಿದ ಹುಡಿಯೇ ಬೇರೆ. ಕೊಳ್ಳುವವನಿಗೆ ಅದು ಒಗೆದ ಮೇಲೆ ತಿಳಿಯುತ್ತದೆ. ರಸ್ತೆಯನ್ನು ಒಗೆಯುವುದು ಮಳೆ.

ಈಗ ಸುಣ್ಣದ ಮಾತು. ಈ ಪಟ್ಟಣದ ಸುತ್ತಿನ ಕಲ್ಲಿಗೆ ಒಂದು ಗುಣವಿದೆ. ಪಲ್ಲಾವರ, ಸೇಂಟ್ ಥಾಮಸ್ ಬೆಟ್ಟದ ಕಡೆಯ ಕಪ್ಪು ನೀಲಿ ಕಲ್ಲಿಗೆ ಭೂಗರ್ಭ ಶಾಸ್ತ್ರಜ್ಞರು ‘ಚಾರ್ನೊಕೈಟ್’ ಎಂಬ ಹೆಸರಿಟ್ಟಿದ್ದಾರೆ. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಕ್ ಎಂಬ ಇಂಗ್ಲಿಷರ ವರ್ತಕನ ಗೋರಿಗೆ ಇಲ್ಲಿಂದ ಹೋದ ಕಲ್ಲನ್ನು ಹಾಕಿದ್ದರಿಂದ ಆ ಹೆಸರು. ಕಲ್ಲು ಗಟ್ಟಿಯೇ, ಸಂದೇಹವಿಲ್ಲ. ಆದರೆ ಬೆಣಚು ಹೆಚ್ಚಾಗಿರುವ ಈ ಬಗೆಯ ಕಲ್ಲುಗಳಿಗೆ ಟಾರಿಗಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ಒದ್ದೆ ಕಾವಲಿಗೆ ಎಣ್ಣೆ ಸವರಿ ನೋಡಿ: ನೀರು ಅಡಿಯಲ್ಲಿ, ಎಣ್ಣೆ ಮೇಲೆ. ಹಾಗೆಯೇ ಸಣ್ಣ ಬಿರುಕಿನಲ್ಲಿ ನುಸುಳಿದ ನೀರು ಕಲ್ಲಿಗೂ ಟಾರಿಗೂ ನಡುವೆ ಹೊಕ್ಕು ಟಾರನ್ನು ಸುಲಿದು ಬಿಡುತ್ತದೆ. ಮೇಲೆ ಬಸ್ಸು ಹಾಯ್ದಾಗ ಆ ನೀರಿಗೆ ಪಂಪಿನಂತಹ ಒತ್ತಡ. ಮರುದಿನ ಅಲ್ಲಿ ಗುಂಡಿ.

ಇದಕ್ಕೆ ಮದ್ದು ಅರಳಿದ ಸುಣ್ಣ. ಟಾರಿನಲ್ಲಿ ಕೆಲವು ಹುಳಿ ಅಂಶಗಳಿವೆ. ಸುಣ್ಣವು ಅವುಗಳೊಡನೆ ಕೂಡಿ ನೀರಿನಲ್ಲಿ ಕರಗದ ಕಟ್ಟನ್ನು ಹಾಕುತ್ತದೆ. ಜಲ್ಲಿಗೆ ಅಂಟಿದ ಜೇಡಿಯ ಕಾಟವನ್ನು ತಗ್ಗಿಸುತ್ತದೆ. ಬಿಸಿಲಿಗೆ ಟಾರು ಮುದಿಯಾಗುವುದನ್ನೂ ನಿಧಾನ ಮಾಡುತ್ತದೆ. ನೀರಿನ ಪರೀಕ್ಷೆಯಲ್ಲಿ ಕಲ್ಲು ಸೋತರೆ ಜಲ್ಲಿಯ ತೂಕದ ನೂರಕ್ಕೆ 2ರಷ್ಟು ಸುಣ್ಣ ಸೇರಿಸಬೇಕೆಂದು ನಮ್ಮ ದೇಶದ ನಿಯಮ ಪುಸ್ತಕವೇ ಹೇಳುತ್ತದೆ. ಅಮೇರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ಹೆದ್ದಾರಿಯ ಟಾರಿಗೆ ಸುಣ್ಣ ಬೆರೆಸುವುದು ದಶಕಗಳಿಂದ ರೂಢಿಯಲ್ಲಿದೆ. ಸುಣ್ಣವಿಲ್ಲದ ವೀಳ್ಯಕ್ಕೆ ಬಣ್ಣ ಬಾರದು. ಸುಣ್ಣ ಬೇಡುವ ಕಲ್ಲಿಗೆ ಸುಣ್ಣವಿಲ್ಲದೆ ಟಾರು ಹಿಡಿಯದು.

ಖರ್ಚೆಷ್ಟು? ನಾವೇ ಲೆಕ್ಕ ಹಾಕೋಣ. ಒಂದು ಬೀದಿ 100 ಮೀಟರು ಉದ್ದ, 6 ಮೀಟರು ಅಗಲ. ಮೇಲಿನ ಪದರು 40 ಮಿಲಿಮೀಟರು. ಒಟ್ಟು 24 ಘನ ಮೀಟರು, ಸುಮಾರು 56 ಟನ್ನು. ಅದರಲ್ಲಿ ಕಲ್ಲಿನ ಪಾಲು 53 ಟನ್ನು. ನೂರಕ್ಕೆ 2ರಂತೆ ಸುಣ್ಣ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಎಂದರೆ 50 ಕಿಲೋದ 21 ಮೂಟೆ. ಬೀದಿಯೊಂದರ ಆಯುಸ್ಸು ಇಪ್ಪತ್ತೊಂದು ಮೂಟೆ ಸುಣ್ಣದ ಮೇಲೆ ನಿಂತಿರಬಹುದು! ಸಮುದ್ರದ ಚಿಪ್ಪನ್ನು ಸುಟ್ಟು, ಅರೆದು, ಅಮೃತಶಿಲೆಯಂತೆ ಹೊಳೆಯುವ ಗಾರೆ ಮಾಡಿ ‘ಮದರಾಸಿನ ಸುಣ್ಣ’ವೆಂದು ಲೋಕದಲ್ಲಿ ಹೆಸರಾದ ಊರು ಇದು. ಇಲ್ಲಿ ಬೀದಿಗೆ ಸುಣ್ಣ ಸಿಗದೆಂದರೆ ಯಾರು ನಂಬಬೇಕು?

“ಸುಣ್ಣವೇಕೆ, ಈಗ ಪ್ಲಾಸ್ಟಿಕ್ ಬಂದಿದೆ” ಎನ್ನುವವರಿದ್ದಾರೆ. ಪ್ಲಾಸ್ಟಿಕ್ ವಿದ್ಯೆಯನ್ನು ನಾವು ಹಳಿಯುವುದಿಲ್ಲ. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಆರ್. ವಾಸುದೇವನ್ ಅವರು ಕಸದ ಪ್ಲಾಸ್ಟಿಕನ್ನು ಚೂರು ಮಾಡಿ ಕಾದ ಜಲ್ಲಿಯ ಮೇಲೆ ಕರಗಿಸಿ ಲೇಪಿಸುವ ಉಪಾಯವನ್ನು ಕಂಡುಹಿಡಿದರು. 2018ರಲ್ಲಿ ಪದ್ಮಶ್ರೀ ಪಡೆದರು. ಇದೇ ಚೆನ್ನೈಯ ಜಂಬುಲಿಂಗಂ ಬೀದಿಯಲ್ಲಿ 2002ರಲ್ಲಿಯೇ ಅಂತಹ ರಸ್ತೆ ಹಾಕಿದರು. ನಮ್ಮ ಬೆಂಗಳೂರಿನಲ್ಲಿ ಅಹಮದ್ ಖಾನ್, ರಸೂಲ್ ಖಾನ್ ಸಹೋದರರು ಚಿಂದಿ ಆಯುವವರಿಂದ ಪ್ಲಾಸ್ಟಿಕ್ ಕೊಂಡು ರಸ್ತೆಗೆ ಬೆರೆಸುವ ಕೆಲಸವನ್ನು ನಡೆಸಿ ತೋರಿಸಿದರು. ಲೇಪವಾದ ಜಲ್ಲಿ ನೀರಿಗೆ ಬೇಗ ಸೋಲದು, ಇದು ನಿಜ. ಆದರೆ ಅದಕ್ಕೂ ಅಳತೆಯುಂಟು: ಟಾರಿನ ತೂಕದ ನೂರಕ್ಕೆ 6ರಿಂದ 8, ಪಿ.ವಿ.ಸಿ. ಕೂಡದು; ಕಾವು ಮಿತಿ ಮೀರಕೂಡದು. ಅದಕ್ಕಿಂತ ಹೆಚ್ಚಾಗಿ, ಮಣ್ಣಿನ ಹುಡಿ ತುಂಬಿದ ಹಾಸನ್ನು ಯಾವ ಪ್ಲಾಸ್ಟಿಕೂ ಕಾಪಾಡಲಾರದು. ಹಳಸಿದ ಬೇಳೆಗೆ ಇಂಗು ಹಾಕಿದರೆ ವಾಸನೆ ಮುಚ್ಚುತ್ತದೆ, ಹೊಟ್ಟೆನೋವು ತಪ್ಪುವುದಿಲ್ಲ.

ಇನ್ನು ಕೆಲವರು, “ಇದು ಎಂಜಿನಿಯರರ ವಿಷಯ, ಹೋಟೆಲಿನ ಮಾಣಿಗಳಿಗೆ ಏಕೆ?” ಎನ್ನುತ್ತಾರೆ. ಏಕೆಂದರೆ ಆ ಗುಂಡಿಗೆ ಬೀಳುವವರು ನಾವು! ಬೆಳಗಿನ ನಾಲ್ಕು ಗಂಟೆಗೆ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನಲ್ಲಿ ಪೈಕ್ರಾಫ್ಟ್ಸ್ ರಸ್ತೆಯನ್ನು, ಈಗಿನ ಭಾರತಿ ಸಾಲೈಯನ್ನು, ದಾಟುವವರು ನಾವು. ಮ್ಯಾನ್ಶನ್ನುಗಳಿಗೆ ಕ್ಯಾರಿಯರು ಹೊರುವವರು ನಾವು. ಈಗ ಬೆನ್ನಿಗೆ ಪೆಟ್ಟಿಗೆ ಕಟ್ಟಿ, ನಿಮಿಷ ಎಣಿಸಿ ಮೋಟಾರು ಸೈಕಲ್ಲು ಓಡಿಸುವ ಹುಡುಗರೂ ನಮ್ಮವರೇ. ಸಾಂಬಾರು ಚೆಲ್ಲಿದರೆ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುವ ಮಾಲಿಕರುಂಟು. ಮೊಣಕಾಲು ಮುರಿದರೆ ರಜೆಯ ಸಂಬಳವಿಲ್ಲ. ಕಾರಿನೊಳಗೆ ಕುಳಿತವರಿಗೆ ಗುಂಡಿ ಎಂದರೆ ಒಂದು ಕುಲುಕಾಟ. ನಮಗೆ ಅದು ತಿಂಗಳ ಅಕ್ಕಿ.

ಮತ್ತೊಂದು ಕಷ್ಟವೂ ಇದೆ. ಕೆಟ್ಟ ಹಾಸಿನ ಮೇಲೆ ಹೊಸ ಹಾಸು, ಅದರ ಮೇಲೆ ಮತ್ತೊಂದು! ಹೀಗೆ ಬೀದಿ ಏರುತ್ತದೆ, ಮನೆಯ ಹೊಸ್ತಿಲು ತಗ್ಗಿನಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಚರಂಡಿಯ ನೀರು ಸೇರುವುದು ಕೆಳಮನೆಯ ಬಾಡಿಗೆ ಕೋಣೆಗೆ. ಅಲ್ಲಿ ಚಾಪೆ ಹಾಸಿ ಮಲಗುವವರು ಯಾರು? ಹಳೆಯ ಹಾಸನ್ನು ಕೆರೆದು ತೆಗೆದೇ ಹೊಸತನ್ನು ಹಾಕಬೇಕೆಂದು 2021ರಲ್ಲಿ ತಮಿಳುನಾಡು ಸರ್ಕಾರದ ಮುಖ್ಯ ಕಾರ್ಯದರ್ಶಿಗಳಾಗಿದ್ದ ವಿ. ಇರೈ ಅನ್ಬು ಅವರು ಆಜ್ಞೆ ಮಾಡಿದರು. ಆಜ್ಞೆ ಒಳ್ಳೆಯದೇ. ಆದರೆ ಕೆರೆದು ಹಾಕಿದ ಹಾಸೂ ಮುಂದಿನ ಮಳೆಗೆ ಸುಲಿದು ಹೋದರೆ ಕೆರೆದ ಕೂಲಿಯೂ ದಂಡ, ಹಾಕಿದ ಟಾರೂ ದಂಡ.

ಇಂಥ ಬೀದಿಯಲ್ಲಿ ಇಂಥವರು ಮಣ್ಣು ಬೆರೆಸಿದರೆಂದು ನಾವು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಲೆಕ್ಕ ತೋರಿಸಿ ಎನ್ನುತ್ತಿದ್ದೇವೆ, ಅಷ್ಟೇ. ಹೋಟೆಲಿನಲ್ಲಿ ಒಂದು ಸೇರು ಉದ್ದಿಗೆ ನಾವು ಲೆಕ್ಕ ಕೊಡುತ್ತೇವೆ. ನಮ್ಮ ತೆರಿಗೆಯ ಹಣದಲ್ಲಿ ಹಾಕಿದ ಟಾರಿಗೆ ಲೆಕ್ಕ ಕೇಳುವ ಹಕ್ಕು ನಮಗಿಲ್ಲವೇ?

ಇದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯ 2ನೆಯ ಕಲಮಿನ ‘ಜೆ’ ಭಾಗವನ್ನು ಓದಿರಿ, ಓದಿದವರಿಂದ ಓದಿಸಿ ಕೇಳಿರಿ. ಕಾಗದ ಪತ್ರಗಳ ನಕಲು ಪಡೆಯುವುದು ಮಾತ್ರವಲ್ಲ, ಸರ್ಕಾರದ ಕೆಲಸವನ್ನು ಕಣ್ಣಾರೆ ನೋಡುವ ಹಕ್ಕು, ಅದರಲ್ಲಿ ಬಳಸಿದ ವಸ್ತುವಿನ ದೃಢೀಕರಿಸಿದ ಮಾದರಿಯನ್ನು ಪಡೆಯುವ ಹಕ್ಕು, ಎಲ್ಲವೂ ಅದರಲ್ಲಿದೆ. ಅರ್ಜಿಯ ಶುಲ್ಕ 10 ರೂಪಾಯಿ. ಉತ್ತರಕ್ಕೆ ಗಡುವು 30 ದಿನ. ಎಂಟನೆಯ ತರಗತಿ ಓದಿದವನು ಬರೆದರೂ ಅರ್ಜಿ ಅರ್ಜಿಯೇ.

ಬೀದಿಗೊಂದು ಅರ್ಜಿ ಹಾಕೋಣ. ಐದು ಪ್ರಶ್ನೆ ಸಾಕು. ಒಂದು: ಈ ಬೀದಿಗೆ ಹಾಕಿದ ಹುಡಿ ಯಾವುದು, ಎಷ್ಟು? ಎರಡು: ಅದರ ಜಿಗುಟಿನ ಅಂಕವೆಷ್ಟು? ಮೂರು: ನೀರಿನ ಪರೀಕ್ಷೆಯ ಫಲವೇನು? ಒಣಗಿದ ಮಾದರಿ 100 ಭಾರ ತಾಳಿದರೆ ನೆನೆದ ಮಾದರಿ 80 ಆದರೂ ತಾಳಬೇಕೆಂಬುದು ನಿಯಮ. ನಾಲ್ಕು: ಪರೀಕ್ಷೆಯಲ್ಲಿ ಸೋತಿದ್ದರೆ ಸುಣ್ಣ ಕೊಂಡ ಬಿಲ್ಲು ಎಲ್ಲಿ? ಐದು: ಹಾಸು ಕೆಟ್ಟರೆ ಕಂಟ್ರಾಕ್ಟರು ತನ್ನ ಖರ್ಚಿನಿಂದಲೇ ಸರಿಮಾಡಬೇಕಾದ ಹೊಣೆಯ ಅವಧಿ ಯಾವ ತಾರೀಖಿನವರೆಗೆ?

ಉತ್ತರ ಬಂದರೆ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಬರೆದು ಬೀದಿಯ ಮೂಲೆಯಲ್ಲಿ ಅಂಟಿಸೋಣ. ನಮ್ಮ ತಮಿಳು ಬಂಧುಗಳೂ, ಉರ್ದು ಆಡುವ ನೆರೆಯವರೂ ಇದೇ ಗುಂಡಿಗೆ ಬೀಳುತ್ತಾರೆ. ಗುಂಡಿಗೆ ಭಾಷೆಯ ಭೇದವಿಲ್ಲ. ಅವರನ್ನೂ ಕೂಡಿಸಿಕೊಳ್ಳೋಣ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕೋಣ. ಪ್ರತಿ ಹೋಟೆಲಿನಿಂದ ಒಬ್ಬರು ಮುಂದೆ ಬಂದು ಸಂಘದ ಕಚೇರಿಯಲ್ಲಿ ಹೆಸರು ಬರೆಯಿಸಿರಿ. ಅರ್ಜಿಯನ್ನು ಸಂಘವೇ ಬರೆದು ಕೊಡುತ್ತದೆ.

ಮುಂದಿನ ಟಾರು ಬೀಳುವ ಮೊದಲೇ ಈ ಕೆಲಸ ಆಗಬೇಕು. ಬಿದ್ದ ಮೇಲೆ ಎಲ್ಲವೂ ಕಪ್ಪು. ಒಳಗೆ ಕಲ್ಲಿನ ಹುಡಿಯೋ ಮಣ್ಣಿನ ಹುಡಿಯೋ ಎಂಬುದು ಮಳೆಯವರೆಗೆ ಯಾರಿಗೂ ಕಾಣದು. ಮಳೆ ಬಂದ ಮೇಲೆ ಕೇಳಿದರೆ ಮಳೆಯ ಹೆಸರನ್ನೇ ಹೇಳುತ್ತಾರೆ. ಆದುದರಿಂದ ಈಗಲೇ ಕೇಳಿರಿ!